ಕೈ ಎತ್ತುವ ತನಕದ ತಿರುಗಾಟ

ಬಸ್ಸಿನ ಡ್ರೈವರನಾಗಿದ್ದ ಮೂವತ್ತನಾಲ್ಕು ವರ್ಷವೂ ನನ್ನ ಸೀಟಿನ ಕೆಳಗೆ ಒಂದು ಟಾಮಿ ಇರುತ್ತಿತ್ತು. ಗಾಲಿ ಬಿಚ್ಚುವ ಕಬ್ಬಿಣದ ರಾಡಿಗೆ ನಾವು ಟಾಮಿ ಅನ್ನುತ್ತೇವೆ. ಗಾಲಿ ಬಿಚ್ಚಿದ್ದಕ್ಕಿಂತ ಹೆಚ್ಚು ಸಲ ನಾನು ಅದನ್ನು ಬೇರೆ ಕೆಲಸಕ್ಕೆ ಹಿಡಿದುಕೊಂಡು ಇಳಿದಿದ್ದೇನೆ. ಅಮೀನಗಡದ ಹತ್ತಿರ ಸೈಡು ಕೊಡದ ಲಾರಿಯೊಂದರ ಎರಡೂ ಹೆಡ್‌ಲೈಟು ಒಡೆದಿದ್ದೇನೆ. ಹುನಗುಂದದಲ್ಲಿ ನನ್ನ ಬಸ್ಸಿಗೆ ಅಡ್ಡ ನಿಲ್ಲಿಸಿದ ಟೆಂಪೊದವನ ಕಾಲರ್ ಹಿಡಿದು, ಅವನ ಹಣೆಯನ್ನು ಲೈಟಿನ ಕಂಬಕ್ಕೆ ಎರಡು ಸಲ ಬಡಿದಿದ್ದೇನೆ. ಹುಬ್ಬು ಹರಿದು ರಕ್ತ ಕಣ್ಣೊಳಗೆ ಇಳಿದಾಗ ಬಸ್ಸಿನಲ್ಲಿದ್ದ ಮಂದಿ ಸೀಟಿ ಹೊಡೆದರು. ಆ ಸೀಟಿ ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ರಿಟೈರ್ ಆಗಿ, ಟಾಮಿಯನ್ನೂ ತಂದುಕೊಂಡು, ಬಾಗಲಕೋಟೆಯ ವಿದ್ಯಾಗಿರಿಯ ಮನೆಯಲ್ಲಿ ಕೂತ ಮೇಲೆ ಮೊದಲ ತಿಂಗಳಲ್ಲೇ ಒಂದು ಕುರ್ಚಿ ಮುರಿದೆ, ಒಂದು ಫ್ಯಾನಿನ ರೆಗ್ಯುಲೇಟರ್ ಗೋಡೆಯಿಂದ ಕಿತ್ತೆ. ಮಗಳು ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ನಾನು, ನನ್ನ ಹೆಂಡತಿ. ಅವಳು ಒಂದು ಕೋಣೆಯಲ್ಲಿದ್ದರೆ ನಾನು ಇನ್ನೊಂದರಲ್ಲಿ. ನಾನು ಈ ಕೋಣೆಗೆ ಬಂದರೆ ಅವಳಿಗೆ ಆ ಕೋಣೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು. ಕೆಲಸಗಾತಿ ಹೆಂಗಸು, ಸುಮ್ಮನೆ ಕೂರುವವಳಲ್ಲ ಎಂದು ನಾನು ತಿಳಿದಿದ್ದೆ.

ಆಗಲೇ ನನಗೆ ತಿರುಗಾಟದ ಹುಚ್ಚು ಹತ್ತಿದ್ದು. ಬಾದಾಮಿಗೆ ಸಾವಿರ ಸಲ ಬಸ್ಸು ಒಯ್ದಿದ್ದೇನೆ, ಒಂದು ಗುಹೆಯನ್ನೂ ನೋಡಿಲ್ಲ. ಐಹೊಳೆಯ ಗುಡಿಗಳನ್ನು ಸ್ಟೇರಿಂಗಿನ ಮೇಲಿಂದಲೇ ನೋಡಿದವನು. ಇನ್ನು ಊರೂರಿಗೆ ನಿಂತು ನಿಂತು ಹೋಗಬೇಕು, ಮಲಗಲು ಯಾರ ಮನೆಯ ಬಾಗಿಲೂ ಬಡಿಯಬಾರದು ಅನ್ನಿಸಿತು. ಒಂದು ಹಳೆಯ ಜೀಪು ತಂದೆ. ಟ್ರ್ಯಾಕ್ಟರಿನ ಹಳೆಯ ಟ್ರೇಲರೊಂದನ್ನು ವೆಲ್ಡಿಂಗ್ ಶಾಪಿಗೆ ಎಳೆಸಿ ಅದರ ಮೇಲೆ ತಗಡಿನ ಕೋಣೆ ಕಟ್ಟಿಸಿದೆ. ಎರಡು ಮಂಚ, ಗ್ಯಾಸಿನ ಒಲೆ, ನೀರಿನ ಡ್ರಮ್ಮು, ಒಂದು ಕಿಟಕಿ. ಬಾಗಿಲಿನ ಕೀಲು ಸೊಟ್ಟ ಕೂಡಿಸಿದ್ದಕ್ಕೆ ವೆಲ್ಡರನ ಕಪಾಳಕ್ಕೆ ಬಾರಿಸಿದೆ. ಅವನು ಸುಡುವ ರಾಡು ಹಿಡಿದು ನನ್ನ ಮೇಲೆ ಬಂದ. ಇಬ್ಬರೂ ಕಬ್ಬಿಣದ ಚೂರುಗಳ ಮೇಲೆ ಉರುಳಾಡಿ ಎದ್ದೆವು. ನನ್ನ ಮೊಳಕೈಯಲ್ಲಿ ಆ ಗಾಯದ ಗುರುತು ಇನ್ನೂ ಇದೆ.

ಎಷ್ಟು ದಿನ ತಿರುಗಬೇಕು ಅನ್ನುವುದೇ ಆಮೇಲೆ ನಮ್ಮ ಮನೆಯ ಮಾತಾಯಿತು. ಮಾತು ಅಂದರೆ ನಾನು ಆಡುವುದು, ಅವಳು ಕೇಳುವುದು. ನನ್ನದು ಒಂದೇ ಹಟ, ಒಂದು ವರ್ಷ. ಬಾದಾಮಿ, ಐಹೊಳೆ, ಹುನಗುಂದ, ಇಳಕಲ್ಲು ಮೊದಲು, ಯಾಕೆಂದರೆ ಇವು ಕೈಯಳತೆಯಲ್ಲಿವೆ. ಅಲ್ಲಿಂದ ಶ್ರೀಶೈಲ, ಅಲ್ಲಿಂದ ಪಂಢರಪುರ, ಆಮೇಲೆ ಕಾಶಿಯ ತನಕ.

"ಒಂದ್ ವರ್ಷ ಅಂದ್ರ ಒಂದ್ ವರ್ಷ. ಅದರಾಗ ಒಂದ್ ದಿನಾ ಕಡಿಮಿ ಆಗಾಕಿಲ್ಲ," ಎಂದು ಗೋಡೆ ಬಡಿದು ಹೇಳಿದೆ.

 ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಮಾಡಲು ಕೂತಳು.

ನಮ್ಮ ಕಡೆ ದೂರದ ಪ್ರಯಾಣಕ್ಕೆ ಖಡಕ್ ರೊಟ್ಟಿ ಕಟ್ಟುತ್ತಾರೆ. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ತೇವವೆಲ್ಲ ಆರುವ ತನಕ ಸುಟ್ಟು ಒಟ್ಟಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಎಷ್ಟು ದಿನಕ್ಕೆ ಹೊರಟಿದ್ದೀರಿ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಬುಟ್ಟಿ ನೋಡಿದರೆ ತಿಳಿಯುತ್ತದೆ. ಮಧ್ಯಾಹ್ನ ನಾನು ಅಡುಗೆಮನೆಗೆ ಹೋಗಿ ಬುಟ್ಟಿಯ ಬಟ್ಟೆ ಸರಿಸಿದೆ. ನಲವತ್ತು ರೊಟ್ಟಿ. ಅವಳು ಒಲೆ ಆರಿಸಿ ಕೈ ತೊಳೆದಾಗಿತ್ತು. ನಾವಿಬ್ಬರೂ ಸೇರಿ ದಿನಕ್ಕೆ ಎಂಟು ತಿನ್ನುತ್ತೇವೆ. ನನ್ನ ಒಂದು ವರ್ಷಕ್ಕೆ ಅವಳು ಐದು ದಿನದ ಬುತ್ತಿ ಮಾಡಿದ್ದಳು.

"ಐದ ದಿನಾ? ನನ್ನ ಮ್ಯಾಲ ನಿನಗ ಐದ ದಿನದ ಭರೋಸಾ ಏನು?"

"ನನಗ ತಿಳದಷ್ಟು ಮಾಡೇನ್ರಿ," ಎಂದಳು.

ಬುಟ್ಟಿಯನ್ನು ಎತ್ತಿ ಗೋಡೆಗೆ ಒಗೆದೆ. ಅಷ್ಟೂ ರೊಟ್ಟಿ ಚೂರುಚೂರಾಗಿ ಅಡುಗೆಮನೆಯ ತುಂಬ ಹಾರಿದವು. ಒಂದು ಚೂರು ಅವಳ ಕೆನ್ನೆಗೆ ತಾಗಿ ಕೆಂಪು ಗೆರೆ ಎದ್ದಿತು. ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಕಸಬರಿಗೆ ತಂದು ಗುಡಿಸುತ್ತಲೇ ಹೇಳಿದಳು:

"ನಾ ಬರ್ತೇನಿ. ಆದ್ರ ಒಂದು ಕರಾರು. ಟಾಮಿ ಮನ್ಯಾಗ ಇಡ್ರಿ. ನೀವು ಯಾರ ಮ್ಯಾಲರ ಕೈ ಎತ್ತಿದ ದಿನಾ ನಮ್ಮ ತಿರುಗಾಟ ಮುಗೀತು. ಅದು ಐದ ದಿನಾ ಇರಲಿ, ವರ್ಷಾ ಇರಲಿ. ದಿನಾ ಎಣಸಾಕಿ ನಾ ಅಲ್ಲ, ನಿಮ್ಮ ಕೈ."

ಸೊಕ್ಕಿಗೆ ಒಪ್ಪಿದೆ. ಅವಳು ಮತ್ತೆ ಹಿಟ್ಟು ನಾದಿ ರೊಟ್ಟಿ ಮಾಡಿದಳು. ಮತ್ತೂ ನಲವತ್ತೇ.

ಬಾದಾಮಿಯಲ್ಲಿ ಮೊದಲ ದಿನವೇ ಕೈ ತುರಿಸತೊಡಗಿತು. ಗುಹೆ ನೋಡಿ ಬರುವಷ್ಟರಲ್ಲಿ ಮಂಗಗಳು ಟ್ರೇಲರಿನ ಕಿಟಕಿ ತಳ್ಳಿ ಒಳಗೆ ಹೊಕ್ಕು ಹಾಸಿಗೆ ಹರಿದು ಹತ್ತಿಯನ್ನೆಲ್ಲ ಹೊರಗೆ ಎಳೆದಿದ್ದವು. ನಾನು ಕಲ್ಲು ಬೀಸಿದೆ. ಒಂದು ಗಡವ ಮಂಗ ನನ್ನ ಕಾಲಿನ ಪಿಂಡರಿಗೆ ಹಲ್ಲೂರಿ ಪ್ಯಾಂಟಿನ ತುಂಡು ಕಿತ್ತುಕೊಂಡು ಓಡಿತು. ದವಾಖಾನೆಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬಂದ ಮೇಲೆ ಕೇಳಿದೆ, "ಮಂಗ್ಯಾಗ ಕಲ್ಲ ಒಗದದ್ದು ಲೆಕ್ಕಕ್ಕ ಬರ್ತೈತೇನು?" ಅವಳು ಸ್ವಲ್ಪ ಯೋಚಿಸಿ, "ಅದು ನಿಮ್ಮನ್ನ ಕಚ್ಚೇತಿ, ಸರಿಗ್ಸರಿ ಆತು, ಬಿಡ್ರಿ," ಎಂದಳು.

ಐಹೊಳೆಯಲ್ಲಿ ಅದಕ್ಕಿಂತ ಕಷ್ಟವಾಯಿತು. ಖಾಲಿ ಹೊಲ ಎಂದು ತಿಳಿದು ಟ್ರೇಲರ್ ನಿಲ್ಲಿಸಿದ್ದೆ. ಬೆಳಿಗ್ಗೆ ಹೊಲದವನು ಕುಡಗೋಲು ಹಿಡಿದು ಬಂದು, ಮಾತಿಲ್ಲ ಕತೆಯಿಲ್ಲ, ನಮ್ಮ ನೀರಿನ ಡ್ರಮ್ಮಿನ ಪೈಪು ಕತ್ತರಿಸಿದ. ಅವನ ಜೋಳದ ಬೀಜ ಬಿದ್ದ ಸಾಲುಗಳ ಮೇಲೆ ನನ್ನ ಗಾಲಿ ಹರಿದಿತ್ತು, ತಪ್ಪು ನನ್ನದೇ. ಆದರೂ ಆ ಕುಡಗೋಲು ಕಿತ್ತು ಅವನ ಕತ್ತಿಗೇ ಇಡುವುದು ಹೇಗೆ ಎಂದು ನನ್ನ ಮೈ ಆಗಲೇ ಅಂದಾಜು ಹಾಕಿತ್ತು. ಬಾಗಿಲಲ್ಲಿ ಅವಳು ನಿಂತಿದ್ದಳು. ನಾನು ನನ್ನ ಬಲಗೈ ಮಣಿಕಟ್ಟನ್ನು ಬಾಯಿಗೆ ಇಟ್ಟುಕೊಂಡು ಕಚ್ಚಿದೆ. ಉಪ್ಪುಪ್ಪು ರುಚಿ ಬರುವ ತನಕ ಬಿಡಲಿಲ್ಲ. ಹೊಲದವನು ಅದನ್ನು ನೋಡಿ ಹೆದರಿ ಹಿಂದೆ ಸರಿದ. "ಹುಚ್ಚ ಅದಾನೇನ್ರಿ ಇವಾ?" ಎಂದು ಅವಳನ್ನು ಕೇಳಿದ. ಅವಳು ನನ್ನ ಮಣಿಕಟ್ಟಿಗೆ ಅರಿಸಿನ ಒತ್ತಿ ಬಟ್ಟೆ ಕಟ್ಟಿದಳು.

ಆರನೆಯ ದಿನ ರೊಟ್ಟಿ ತೀರಿದವು. ಖಾಲಿ ಬುಟ್ಟಿಯನ್ನು ತಲೆಕೆಳಗು ಮಾಡಿ ಅವಳ ಮುಂದೆ ಹಿಡಿದು ಕುಣಿಯುವುದೊಂದು ಬಾಕಿ. "ಏನವಾ, ಐದ ದಿನಾ ಮುಗದ್ವು. ಮುಂದ?" ಎಂದೆ. ಅವಳು ಹಿಟ್ಟಿನ ಡಬ್ಬಿ ತೆಗೆದು ಒಲೆ ಹಚ್ಚಿದಳು. ಅವತ್ತು ಅವಳು ಎಷ್ಟು ರೊಟ್ಟಿ ಮಾಡುತ್ತಾಳೆಂದು ನಾನು ಕಿಟಕಿಯಿಂದ ಕದ್ದು ನೋಡುತ್ತ ನಿಂತೆ. ಎಂಟಾದ ಮೇಲೂ ಅವಳ ಕೈ ನಿಲ್ಲಲಿಲ್ಲ. ಹದಿನಾರಕ್ಕೂ ನಿಲ್ಲಲಿಲ್ಲ. ಇಪ್ಪತ್ತನಾಲ್ಕು ಮಾಡಿ ಒಲೆ ಆರಿಸಿದಳು. ಮೂರು ದಿನದ ಭರೋಸೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಗುಡಿಯ ಹಿಂದೆ ಹೋಗಿ ಒಬ್ಬನೇ ಅತ್ತೆ.

ಎಂಟನೆಯ ದಿನ ಬೆಳಿಗ್ಗೆ ಐಹೊಳೆ ಬಿಟ್ಟೆವು. ಹೊರಡುವಾಗ ನಾನು ಅವಸರ ಮಾಡಿ ಕೂಗಾಡಿದೆ. ಜೀಪಿಗೆ ಟ್ರೇಲರ್ ಕೂಡಿಸುವ ಕೊಂಡಿಯಲ್ಲಿ ಮೇಲಿನಿಂದ ಒಂದು ದಪ್ಪ ಪಿನ್ನು ಇಳಿಬಿಡುತ್ತೇವೆ. ಅದು ಮೇಲೆ ಜಿಗಿಯದಂತೆ ಕೆಳಗೊಂದು ಕ್ಲಿಪ್ಪು ಹಾಕಬೇಕು. ಕೂಗಾಟದಲ್ಲಿ ಪಿನ್ನು ಇಳಿಬಿಟ್ಟೆ, ಕ್ಲಿಪ್ಪು ಮರೆತೆ. ಅಮೀನಗಡ ದಾಟಿ ಹುನಗುಂದಕ್ಕೆ ಬರುವಷ್ಟರಲ್ಲಿ ಅವಳಿಗೆ ಸೊಂಟ ಹಿಡಿಯಿತು. "ನಾ ಹಿಂದ ಒಂದೀಟು ಅಡ್ಡಾಗ್ತೇನ್ರಿ," ಎಂದು ಟ್ರೇಲರಿನಲ್ಲಿ ಹೋಗಿ ಮಲಗಿದಳು. ಹಾಗೆ ಯಾರನ್ನೂ ಕೂಡಿಸಬಾರದು ಎಂದು ಡ್ರೈವರನಾದ ನನಗೆ ಗೊತ್ತಿತ್ತು. ಹೊರಗಿನಿಂದ ಚಿಲಕ ಹಾಕಿ ಇಳಕಲ್ಲಿನ ರಸ್ತೆ ಹಿಡಿದೆ.

ನಾಲ್ಕೈದು ಮೈಲಿ ಹೋಗಿರಬೇಕು. ಹಿಂದಿನಿಂದ ಒಂದು ಮೋಟರ್ ಸೈಕಲ್ಲು ಹಾರ್ನ್ ಹೊಡೆಯುತ್ತ ಬಂತು. ಸೈಡು ಕೊಟ್ಟೆ, ಮುಂದೆ ಹೋಗಲಿಲ್ಲ. ಅದರ ಮೇಲಿದ್ದವನು ನನ್ನ ಬಾಗಿಲಿನ ಪಕ್ಕಕ್ಕೇ ಬಂದು ಜೀಪಿನ ತಗಡನ್ನು ಅಂಗೈಯಿಂದ ದಬದಬ ಬಡಿದ. ಗಾಳಿಯಲ್ಲಿ ಮಾತು ಕೇಳಿಸಲಿಲ್ಲ. ಬಾಯಿ ದೊಡ್ಡದು ಮಾಡಿ ಒದರುತ್ತಿದ್ದ, ಬೆರಳು ನೆಲಕ್ಕೆ ತೋರಿಸುತ್ತಿದ್ದ. ರಸ್ತೆಯ ಮೇಲೆ ನಮ್ಮಂಥ ಡ್ರೈವರುಗಳಿಗೆ ಆ ಬೆರಳಿಗೆ ಒಂದೇ ಅರ್ಥ: ಗಂಡಸಾಗಿದ್ದರೆ ಇಳಿ ಕೆಳಗೆ. ಮೂವತ್ತನಾಲ್ಕು ವರ್ಷ ನಾನು ಆ ಬೆರಳು ತೋರಿಸಿದ್ದೇನೆ, ನನಗೆ ತೋರಿಸಿದವರನ್ನು ಇಳಿದು ಬಡಿದಿದ್ದೇನೆ. ಬ್ರೇಕು ಒತ್ತಿದೆ. ಅವನೂ ನಿಂತ. ಅವನು ಗಾಡಿಯಿಂದ ಕಾಲು ತೆಗೆಯುವ ಮೊದಲೇ ಹ್ಯಾಂಡಲಿಗೆ ನೇತುಹಾಕಿದ್ದ ಅವನ ಹೆಲ್ಮೆಟ್ಟನ್ನೇ ಕಿತ್ತುಕೊಂಡು, ಪೂರಾ ತೋಳು ಹಿಂದೆ ಎಳೆದು ಅವನ ದವಡೆಗೆ ಬೀಸಿದೆ.

ಎಲುಬು ಮುರಿದ ಸಪ್ಪಳ ನನಗೆ ಗುರುತಿದೆ. ಅವನು ಗಾಡಿಯ ಜೊತೆಗೇ ಬಿದ್ದ. ನಾನು ಅವನ ಅಂಗಿ ಹಿಡಿದು ಎತ್ತಿ ಇನ್ನೊಂದು ಬೀಸಲು ಕೈ ಎತ್ತಿದೆ. ಬಾಯಿಯಿಂದ ರಕ್ತ, ಅದರ ಜೊತೆ ಒಂದು ಹಲ್ಲು ಅಂಗಿಯ ಮೇಲೆ ಇಳಿಯಿತು. ಅವನು ನನ್ನನ್ನು ತಡೆಯಲಿಲ್ಲ. ಕೈ ಚಾಚಿ ನನ್ನ ಹಿಂದೆ ತೋರಿಸಿದ.

ತಿರುಗಿ ನೋಡಿದೆ. ಕೊಂಡಿಯ ಪಿನ್ನು ಮೇಲೆ ಬಂದು ಒಂದು ಬೆರಳಿನಷ್ಟು ಮಾತ್ರ ಸಿಕ್ಕಿಕೊಂಡಿತ್ತು. ಇನ್ನೊಂದು ಉಬ್ಬು ಬಂದಿದ್ದರೆ ಟ್ರೇಲರ್ ಬಿಟ್ಟುಕೊಂಡು ಹೋಗುತ್ತಿತ್ತು. ಹಿಂದೆ ಗ್ರಾನೈಟ್ ಕಲ್ಲು ಹೇರಿದ ಲಾರಿಗಳ ಸಾಲೇ ಬರುತ್ತಿತ್ತು. ಒಳಗೆ ನನ್ನ ಹೆಂಡತಿ, ಹೊರಗಿನಿಂದ ನಾನೇ ಹಾಕಿದ ಚಿಲಕ.

ಚಿಲಕ ತೆಗೆದೆ. ಅವಳು ಇಳಿದು ಮೊದಲು ಅವನ ಬಾಯಿ ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಹೆಲ್ಮೆಟ್ಟು, ಆಮೇಲೆ ಪಿನ್ನು. ಯಾರೂ ಅವಳಿಗೆ ಏನೂ ಹೇಳಬೇಕಾಗಲಿಲ್ಲ. ಸೆರಗು ಹರಿದು ಅವನ ದವಡೆಗೆ ಸುತ್ತಿದಳು.

ಅವನು ಇಳಕಲ್ಲಿನ ನೇಕಾರ, ವಯಸ್ಸು ನಲವತ್ತರ ಆಚೀಚೆ. ಮಗ್ಗಕ್ಕೆ ನೂಲು ತರಲು ಹುನಗುಂದದ ಕಡೆ ಹೋಗಿ ವಾಪಸು ಹೊರಟಿದ್ದ. ದವಾಖಾನೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು, "ನನ್ನ ಗಂಡ ಹೊಡದಾನ್ರಿ," ಎಂದಳು. ಎರಡೂ ದವಡೆಗೆ ತಂತಿ ಬಿಗಿದು ಬಾಯಿ ಮುಚ್ಚಿದರು. ಒಂದೂವರೆ ತಿಂಗಳು ಏನೂ ಅಗಿಯುವಂತಿಲ್ಲ, ಹಲ್ಲಿನ ಸಂದಿಯಿಂದ ಇಳಿಯುವ ಗಂಜಿ ಮಾತ್ರ.

ಅವನ ಹೆಂಡತಿ ಬಂದಳು. ಗಂಡನ ಮುಖ ನೋಡಿ ಹೊರಗೆ ಬಂದು, ಯಾರು ಎಂದು ಕೇಳಿದಳು. ನಾನು ಎಂದೆ. ಕಾಲಿನ ಚಪ್ಪಲಿ ತೆಗೆದು ನನ್ನ ಮುಖಕ್ಕೆ, ಕಿವಿಗೆ, ತಲೆಗೆ ಸೋಲುವ ತನಕ ಹೊಡೆದಳು. ನನ್ನ ಕನ್ನಡಕ ಒಡೆದು ಗಾಜು ಹುಬ್ಬಿಗೆ ನಟ್ಟಿತು. ಹೊರಗೆ ಕೂತಿದ್ದವರು ಎದ್ದು ನಿಂತು ನೋಡಿದರು. ನನ್ನವಳು ಗೋಡೆಗೆ ಒರಗಿ ನಿಂತಿದ್ದಳು, ಬಿಡಿಸಲು ಬರಲಿಲ್ಲ. ಎಲ್ಲ ಮುಗಿದ ಮೇಲೆ ಆ ಹೆಂಗಸಿಗೆ, "ಕಂಪ್ಲೇಂಟ್ ಬರಸವಾ, ನಾ ಸಾಕ್ಷಿ ಹೇಳ್ತೇನಿ," ಎಂದಳು.

"ಕೋರ್ಟ್ ಅಡ್ಡಾಡೂದ್ರಾಗ ನಮ್ಮ ಮಗ್ಗ ನಿಂತ್ಹೋಗ್ತೈತ್ರೀ ಯಕ್ಕಾ. ಅವರು ಉಣ್ಣೂದು ಹ್ಯಾಂಗ, ಅದನ್ನ ಹೇಳ್ರಿ," ಎಂದು ಆ ಹೆಂಗಸು ಅತ್ತಳು.

ಅದಕ್ಕೆ ನನ್ನವಳು ಅಲ್ಲೇ ತೀರ್ಮಾನ ಕೊಟ್ಟಳು. ಅವನ ದವಡೆ ಕೂಡುವ ತನಕ ಟ್ರೇಲರ್ ಅವರ ಓಣಿಯಲ್ಲಿ ನಿಲ್ಲಬೇಕು. ಗಂಜಿ ಅವಳು ಕಾಯಿಸುತ್ತಾಳೆ, ಕುಡಿಸುವವನು ನಾನು. ಅವನ ಹೆಂಡತಿ ಮಗ್ಗಕ್ಕೆ ಕೂರುತ್ತಾಳೆ, ಅವಳಿಗೆ ಕಂಡಿಕೆ ಸುತ್ತಿ ಕೊಡುವವನೂ ನಾನು. ಕಂಡಿಕೆ ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ಮೊದಲ ವಾರ ನಾನು ಸುತ್ತಿದ ರೇಷ್ಮೆಯೆಲ್ಲ ಹರಿಯುತ್ತಿತ್ತು. ಅಷ್ಟು ಮೆತ್ತಗೆ ಏನನ್ನೂ ಹಿಡಿದು ನನ್ನ ಬೆರಳುಗಳಿಗೆ ರೂಢಿಯಿರಲಿಲ್ಲ. ಓಣಿಯ ಮಂದಿ ಬಂದು ಬಂದು ನೋಡಿದರು. ಒಬ್ಬ ಮುದುಕ ಬಾಗಿಲಲ್ಲಿ ನಿಂತು ನನ್ನ ಕಾಲ ಬಳಿ ಉಗುಳಿ ಹೋದ. ನಾನು ಒರೆಸಿ ರಾಟಿ ತಿರುಗಿಸಿದೆ.

ಇಪ್ಪತ್ತು ದಿನ ಕಳೆದಿರಬೇಕು. ಮಧ್ಯಾಹ್ನ ಮಗ್ಗದ ಕೋಣೆಯಲ್ಲಿ ನೇಕಾರ ಗೋಡೆಗೆ ಒರಗಿ ಕೂತಿದ್ದ. ನನ್ನವಳು ಅವನ ಪಕ್ಕದಲ್ಲಿ ಲೋಟಕ್ಕೆ ಗಂಜಿ ಬಗ್ಗಿಸುತ್ತಿದ್ದಳು. ತಲೆಯ ಮೇಲಿನ ತಂತಿಗೆ ನೂಲಿನ ಲಡಿ ತೂಗಹಾಕಲು ನಾನು ಒಮ್ಮೆಲೇ ಬಲಗೈ ಎತ್ತಿದೆ.

ನೇಕಾರ ಎರಡೂ ಕೈಯಿಂದ ದವಡೆ ಮುಚ್ಚಿಕೊಂಡು ಗೋಡೆಗೆ ಸರಿದ. ಅದು ಸರಿಯೇ, ಅವನಿಗೆ ನಾನು ಹೊಡೆದಿದ್ದೆ. ಆದರೆ ಅದೇ ಗಳಿಗೆಯಲ್ಲಿ ನನ್ನ ಹೆಂಡತಿ ಗದ್ದವನ್ನು ಎಡ ಭುಜದೊಳಗೆ ಹುದುಗಿಸಿ, ಎಡಗಣ್ಣು ಮುಚ್ಚಿದಳು. ಗಂಜಿ ಅವಳ ಕಾಲ ಮೇಲೆ ಚೆಲ್ಲಿತು. ಬಿಸಿಯಿತ್ತು, ಆದರೂ ಅವಳು ನನ್ನ ಕೈ ಕೆಳಗೆ ಬರುವ ತನಕ ಕಾಲು ಸರಿಸಲಿಲ್ಲ.

ಗದ್ದ ಭುಜಕ್ಕೆ ತರುವ ಆ ರೀತಿ ಮದುವೆಯಾದ ಹೊಸದರಿಂದ ನಾನು ನೋಡಿದ್ದೇ. ಅದನ್ನು ನಾಚಿಕೆ ಎಂದು ತಿಳಿದಿದ್ದೆ. ಡಿಪೋದಲ್ಲಿ ಗೆಳೆಯರ ಮುಂದೆ, "ನಮ್ಮಾಕಿ ಇನ್ನಾ ನಾಚತಾಳೋ, ಕೈ ಎತ್ತಿದ್ರ ಮುಖಾ ಮುಚ್ಚಿಕೊಂತಾಳ," ಎಂದು ಜಂಬ ಕೊಚ್ಚಿ ನಕ್ಕಿದ್ದೆ. ಅವಳಿಗೆ ನಾನು ಹೊಡೆದದ್ದು ಮೂರೇ ಸಲ ಎಂಬುದು ನನ್ನ ನೆನಪು. ಉಳಿದದ್ದೆಲ್ಲ ಗೋಡೆಗೆ, ಕುರ್ಚಿಗೆ, ತಾಟಿಗೆ, ಹೊರಗಿನ ಮಂದಿಗೆ. ಆದರೆ ಅಷ್ಟೂ ಏಟಿನ ಸಪ್ಪಳ ಅವಳು ಪಕ್ಕದಲ್ಲೇ ನಿಂತು ಕೇಳಿದ್ದಾಳೆ, ಮುಂದಿನದು ತನಗೋ ಅಲ್ಲವೋ ತಿಳಿಯದೆ. ನಾನು ಲಡಿಯನ್ನು ನೆಲಕ್ಕಿಟ್ಟು ಹೊರಗೆ ಹೋದೆ. ಟ್ರೇಲರಿನ ಗಾಲಿಗೆ ತಲೆ ಕೊಟ್ಟು ಕೂತೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ತಂತಿ ಬಿಚ್ಚಿದ ದಿನ ನೇಕಾರ ಮೊದಲು ಮೆಲ್ಲಗೆ ದವಡೆ ಆಡಿಸಿದ. ನಂತರ ನನ್ನ ಕಡೆ ತಿರುಗಿ ತೊದಲುತ್ತ ಕೇಳಿದ ಮೊದಲ ಮಾತು, "ಪಿನ್ನಿಗೆ ಕ್ಲಿಪ್ ಹಾಕೀರೇನ್ರಿ?" ನಾನು ಅವನ ಕಾಲು ಹಿಡಿಯಲು ಬಗ್ಗಿದೆ. ಅವನು ಬೆಚ್ಚಿ ಹಿಂದೆ ಸರಿದ.

ಮರುದಿನ ಬೆಳಿಗ್ಗೆ ಜೀಪಿಗೆ ಟ್ರೇಲರ್ ಕೂಡಿಸಿ ಅವಳ ಮುಂದೆ ನಿಂತೆ. "ಕರಾರು ಅಂದ್ರ ಕರಾರು. ಎಂಟ ದಿನಕ್ಕ ನಂದು ಮುಗದೈತಿ. ನಡಿ, ಮನಿಗೆ ಹೋಗೂಣು," ಎಂದೆ.

ಅವಳ ಕೈಚೀಲ ಆಗಲೇ ಹೊರಗೆ ಬಂದಿತ್ತು. "ಮನಿಗೆ ನಾ ಹೋಗ್ತೇನ್ರಿ. ನೀವು ಬರಬ್ಯಾಡ್ರಿ," ಎಂದಳು.

"ಅಂದ್ರ?"

"ನೀವು ಡ್ಯೂಟಿಗೆ ಹೋಗೂ ಕಾಲಕ್ಕ ನನಗ ಒಂದೀಟು ಉಸಿರು ಸಿಗತಿತ್ತು. ನೀವು ಪರ ಊರಾಗ ವಸ್ತಿ ಇದ್ದ ದಿನಾ ನಾ ಚಂದಂಗ ನಿದ್ದಿ ಮಾಡತಿದ್ದೆ. ರಿಟೈರ್ ಆದ್ರಿ, ಅದೂ ಹೋತು. ನಿಮಗ ತಿರಗಬೇಕಂತ ಆಸೆ ಇತ್ತಲ್ಲ, ತಿರಗ್ರಿ. ನನಗ ನಮ್ಮ ಮನ್ಯಾಗ ಒಬ್ಬಾಕಿನ ಇರಬೇಕಾಗೇತಿ."

"ಎಷ್ಟ ದಿನಾ?"

"ನನಗ ಅಂಜಿಕಿ ಹೋಗೂ ತನಕ. ಯಾವಾಗ ಹೋಗ್ತೈತೋ ನನಗೂ ತಿಳೀದು. ಹೋದಾಗ ನಾನ ಹೇಳ್ತೇನಿ."

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ಹೊಟ್ಟೆಯಿಂದ ಎದ್ದು ಭುಜದ ತನಕ ಬಂತು. ನನ್ನ ಮನೆಗೆ ನಾನೇ ಬರಬಾರದೇ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಉಗುರು ಅಂಗೈಯೊಳಗೆ ಊರಿ, ಅವಳು ಬಾಗಲಕೋಟೆಯ ಬಸ್ಸು ಹತ್ತುವ ತನಕ ಹಾಗೆಯೇ ನಿಂತಿದ್ದೆ. ಕಿಟಕಿಯ ಪಕ್ಕ ಕೂತ ಅವಳು ಹಿಂದಿರುಗಿ ನೋಡಲಿಲ್ಲ.

ಅದಾಗಿ ಏಳು ತಿಂಗಳಾಯಿತು. ದೂರ ಹೋಗಲು ಮನಸ್ಸಾಗಿಲ್ಲ, ಕರೆದರೆ ತಡವಾಗಬಾರದು ಎಂದು. ಬಾದಾಮಿಯಲ್ಲಿ ಒಂದಿಷ್ಟು ದಿನ, ಹುನಗುಂದದ ಆಚೆ ಒಂದಿಷ್ಟು ದಿನ, ಇಳಕಲ್ಲಿನ ಓಣಿಗೆ ಹೋಗಿ ವಾರಗಟ್ಟಲೆ ಕಂಡಿಕೆ. ಈ ಏಳು ತಿಂಗಳಲ್ಲಿ ಯಾರ ಮೇಲೂ ಕೈ ಎತ್ತಿಲ್ಲ. ಇದನ್ನು ಅವಳಿಗೆ ಹೇಳಿದ್ದೇನೆ. ಅವಳು ಹೂಂ ಅಂದಳು ಅಷ್ಟೇ.

ಸೋಮವಾರಕ್ಕೊಮ್ಮೆ ಫೋನು ಮಾಡುತ್ತೇನೆ. ಮೊನ್ನೆ ಮಾಡಿದಾಗ ಅವಳು ಫೋನು ಎತ್ತಿಕೊಂಡೇ ಪಕ್ಕದವರ ಯಾವುದೋ ಮಾತಿಗೆ ನಗುತ್ತಿದ್ದಳು. ಬಾಯಿ ತುಂಬ, ಸಪ್ಪಳ ಮಾಡಿ, ಉಸಿರು ಸಿಕ್ಕುವಷ್ಟು ನಗು. ಮೂವತ್ತಾರು ವರ್ಷ ಒಂದೇ ಮನೆಯಲ್ಲಿದ್ದು ನಾನು ಆ ನಗು ಕೇಳಿರಲಿಲ್ಲ. ಕೇಳುತ್ತ ನಿಂತೆ. ಆಮೇಲೆ, "ನಾ," ಎಂದೆ. ನಗು ನಿಂತುಹೋಯಿತು.

"ಬರಲೇನು?" ಎಂದು ಕೇಳಿದೆ.

"ಇನ್ನಾ ಬ್ಯಾಡ್ರಿ," ಎಂದಳು.

ಆತು ಎಂದೆ.